ಬೇರೆ ರಕ್ತಕ್ಕೆ ಕೊಟ್ಟೆವಲ್ಲ

ನಮ್ಮ ಕೆಲಸದ ಬಗ್ಗೆ ವೇದಿಕೆ ಹತ್ತಿ ಮಾತನಾಡುವವರೆಲ್ಲ ಒಂದೇ ಕಥೆ ಹೇಳುತ್ತಾರೆ. ಹಳ್ಳಿಯ ಜನಕ್ಕೆ ಮಾಹಿತಿ ಇರಲಿಲ್ಲ, ಹುಟ್ಟಿನಿಂದ ಬಂದ ಕಾಯಿಲೆಯನ್ನು ನಾಗದೋಷ, ದೃಷ್ಟಿ ಎಂದುಕೊಂಡು ಕೂತಿದ್ದರು, ನಾವು ಹೋಗಿ ತಿಳಿಹೇಳಿದೆವು, ಕಣ್ಣು ತೆರೆಯಿತು, ಜೀವ ಉಳಿಯಿತು. ಚಪ್ಪಾಳೆ. ಈ ಕಥೆಯಲ್ಲಿ ನಾನು ಪೂರ್ತಿ ನಂಬುವುದು ಚಪ್ಪಾಳೆಯೊಂದನ್ನೇ. ಅದು ನಿಜವಾಗಿಯೂ ಬೀಳುತ್ತದೆ.

ಮಂಡ್ಯದಲ್ಲಿ ಎರಡು ಕೋಣೆಯ ಕಚೇರಿ ಇದ್ದ ಸಣ್ಣ ಸಂಸ್ಥೆಯೊಂದರಲ್ಲಿ ದುಡಿದು ಈಚೆಗೆ ಹೊರಬಂದಿದ್ದೇನೆ. ನಿವೃತ್ತಿ ಎಂದರೆ ಜನ ನನ್ನ ವಯಸ್ಸು ನೋಡಿ ನಗುತ್ತಾರೆ, ತಲೆಯಲ್ಲಿ ಇನ್ನೂ ಒಂದು ಬಿಳಿ ಎಳೆ ಇಲ್ಲ. ರಾಜೀನಾಮೆ ಎಂದರೆ ಯಾರ ಮೇಲೋ ಸಿಟ್ಟು ಎಂದಾಗುತ್ತದೆ. ಸಿಟ್ಟಿಲ್ಲ, ದಣಿವಿದೆ. ಆದ್ದರಿಂದ ನಿವೃತ್ತಿ ಎಂದೇ ಇಟ್ಟುಕೊಳ್ಳೋಣ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವಳು ನಾನು, ಯಾವ ಕಡೆ ಕೊಟ್ಟರೂ ಗೆದ್ದು ಬರುತ್ತಿದ್ದೆ. ಆ ಚಟ ಕೆಲಸಕ್ಕೂ ಬಂತು. ನನ್ನ ಕುರ್ಚಿಗೆ ಬಂದು ಕೂರುವವರು ಇದನ್ನು ಓದುವಾಗ ನನ್ನೊಂದಿಗೆ ವಾದಿಸಲಿ, ಬೇಡ ಎನ್ನುವುದಿಲ್ಲ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಮೂಳೆ, ಕೀಲು, ಕಣ್ಣಿನ ಮಸೂರ, ರಕ್ತನಾಳ, ಚರ್ಮ, ಇವನ್ನೆಲ್ಲ ಹಿಡಿದು ನಿಲ್ಲಿಸುವ ಎಳೆಗಳು ಮೈಯೊಳಗಿರುತ್ತವೆ. ಕೆಲವರಿಗೆ ಅವು ಹುಟ್ಟಿನಿಂದಲೇ ಸಡಿಲ. ಕೆಲವು ಮಕ್ಕಳ ಕೀಲು ಮಾತುಮಾತಿಗೆ ಜಾರುತ್ತದೆ. ಕೆಲವರು ತೆಳ್ಳಗೆ ಎತ್ತರಕ್ಕೆ ಬೆಳೆಯುತ್ತಾರೆ, ಬೆರಳು ಉದ್ದ, ದಪ್ಪ ಕನ್ನಡಕ. ಅವರ ಎದೆಯೊಳಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಗಬಹುದು. ಗೊತ್ತಿದ್ದರೆ ಮಾತ್ರೆ ಕೊಟ್ಟು, ವರ್ಷಕ್ಕೊಮ್ಮೆ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಿ, ಬೇಕಾದಾಗ ಆಪರೇಷನ್ ಮಾಡಿ ಕಾಪಾಡಬಹುದು. ಗೊತ್ತಿಲ್ಲದಿದ್ದರೆ ಒಂದು ದಿನ ಅದು ಸೀಳುತ್ತದೆ. ಇಂಥ ಕುಟುಂಬಗಳನ್ನು ಹುಡುಕುವುದು, ವಿಷಯ ತಿಳಿಸುವುದು, ಮೈಸೂರಿನ ದೊಡ್ಡಾಸ್ಪತ್ರೆಗೆ ದಾರಿ ತೋರಿಸುವುದು, ಅವರ ಜೊತೆ ನಿಲ್ಲುವುದು ನಮ್ಮ ಕೆಲಸ. ನಿಲ್ಲುವುದು ಅಂದರೆ ನಿಜವಾಗಿಯೂ ನಿಲ್ಲುವುದು, ಆಸ್ಪತ್ರೆಯ ಚೀಟಿ ಕ್ಯೂಗಳಲ್ಲಿ.

ಹುಡುಕುವ ವಿಧಾನದಿಂದಲೇ ಶುರು ಮಾಡುತ್ತೇನೆ. ಮೊದಮೊದಲು ಪ್ರೌಢಶಾಲೆಗಳಿಗೆ ಟೇಪು ಹಿಡಿದು ಹೋಗುತ್ತಿದ್ದೆವು. ಎತ್ತರದ ಹುಡುಗರನ್ನು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿಸಿ ಅಳೆಯುವುದು, ಎತ್ತರಕ್ಕಿಂತ ಕೈಚಾಚು ಬಹಳ ಹೆಚ್ಚಿದ್ದರೆ ಮುಂದಿನ ತಪಾಸಣೆಗೆ ಕಳಿಸುವುದು. ಮದ್ದೂರು ಕಡೆಯ ಒಂದು ಶಾಲೆಯಲ್ಲಿ ಅಳೆದು ಬಂದ ಮರುದಿನ ಹೋದರೆ ಗೇಟಿನ ಹತ್ತಿರ ಪಕ್ಕದ ಊರುಗಳ ಪಡ್ಡೆಗಳೆಲ್ಲ ನೆರೆದಿದ್ದಾರೆ, ಶಾಲೆ ಬಿಟ್ಟು ವರ್ಷಗಳಾದವರೂ ಸೇರಿ. ಒಬ್ಬ ಶರ್ಟು ಬಿಚ್ಚಿ ಸಿದ್ಧವಾಗಿದ್ದ. ಪೊಲೀಸು ನೇಮಕಾತಿ ಎಂದು ಸುದ್ದಿ ಹಬ್ಬಿತ್ತು. ಅಲ್ಲಪ್ಪ, ಇದು ಕಾಯಿಲೆ ಪತ್ತೆ ಮಾಡುವುದಕ್ಕೆ ಎಂದರೆ ಯಾರೂ ನಂಬಲಿಲ್ಲ. ಶರ್ಟು ಬಿಚ್ಚಿದವನು ಪಕ್ಕದವನಿಗೆ, "ಯಾರಿಗೋ ಆಗ್ಲೇ ಕೊಟ್ಬುಟ್ಟವ್ರೆ ಕಣ್ಲಾ, ಅದ್ಕೇ ಇಂಗಂತಾವ್ರೆ" ಎಂದ. ನಾನು ವಾದ ಮುಂದುವರಿಸಿದೆ. ಅವರ ಅನುಮಾನ ಗಟ್ಟಿಯಾಯಿತು. ವಾದದಿಂದ ಅನುಮಾನ ಹೋಗುತ್ತದೆ ಎಂದು ಚರ್ಚಾಸ್ಪರ್ಧೆಯಲ್ಲಿ ಕಲಿಸಿದ್ದವರು ಮದ್ದೂರಿಗೆ ಬಂದಿರಲಿಲ್ಲ ಎಂದು ಕಾಣುತ್ತದೆ.

ಅದೇ ಮದ್ದೂರಿನಲ್ಲಿ ಇಕ್ಬಾಲ್ ಎಂಬ ಬೈಕ್ ಮೆಕ್ಯಾನಿಕ್ ಇದ್ದರು. ಅವರ ಮಗಳು ನಾಜಿಯಾಳ ಹೆಬ್ಬೆರಳು ಹಿಂದಕ್ಕೆ ಬಾಗಿ ಮುಂಗೈಗೆ ತಾಗುತ್ತಿತ್ತು, ಮೊಣಕೈ ಉಲ್ಟಾ ಹೋಗುತ್ತಿತ್ತು. ಶಾಲೆಯವರು ದೇವರು ಕೊಟ್ಟ ಮೈ ಎಂದು ಯೋಗಾಸನ ಸ್ಪರ್ಧೆಗೆ ನಿಲ್ಲಿಸಿ ಕಪ್ಪಿನ ಮೇಲೆ ಕಪ್ಪು ತರಿಸಿದ್ದರು. ಹುಡುಗಿಗೆ ಈಗ ಶಾಲೆಯ ಬ್ಯಾಗು ಎತ್ತಿದರೆ ಭುಜ ಜಾರುತ್ತಿತ್ತು. ಬಾಗುವುದೇ ಅವಳ ಕಾಯಿಲೆ, ಇನ್ನಷ್ಟು ಬಾಗಿಸಬೇಡಿ, ಸುತ್ತಲಿನ ಸ್ನಾಯು ಬಲ ಮಾಡಬೇಕು ಎಂದು ಅಂಗಡಿಯಲ್ಲೇ ಕೂತು ವಿವರಿಸಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು ಕೇಳಿದರು.

"ಬುಶ್ ಓಗೈತೆ ಅನ್ನಿ. ಹೊಸಾದು ಆಕಕ್ಕಾಗಲ್ವಾ ಮೇಡಂ?"

"ಆಗಲ್ಲ."

"ಟೈಟು?"

"ಆಗಲ್ಲ."

"ಅಂಗಾದ್ರೆ ಲೋಡು ಕಮ್ಮಿ ಮಾಡಿ, ರೋಡು ನೋಡ್ಕೊಂಡು ಓಡಿಸ್ಬೇಕು."

ಇದಕ್ಕಿಂತ ಚೆನ್ನಾಗಿ ಯಾವ ವೈದ್ಯರೂ ನನಗೆ ಹೇಳಿರಲಿಲ್ಲ. ಆ ಮಾತನ್ನು ಕದ್ದು ಎಷ್ಟೋ ಮನೆಗಳಲ್ಲಿ ಬಳಸಿದೆ. ಮುಂದಿನ ತಿಂಗಳು ಅಂಗಡಿಗೆ ಹೋದರೆ ಕಪಾಟಿನಲ್ಲಿ ಹೊಸ ಕಪ್ಪು! ಜಿಲ್ಲಾಮಟ್ಟದ್ದು. ನಾನು ನೋಡಿದ್ದನ್ನು ನೋಡಿ ಇಕ್ಬಾಲ್ ನಾಚಿಕೊಂಡು, ಅವಳೇ ಅತ್ತಳು ಮೇಡಂ, ಕೊನೇದು ಅಂತ ಕಳಿಸಿದೆ ಎಂದರು. ಅರ್ಥವಾಗುವುದು ಒಂದು, ನಿಲ್ಲಿಸುವುದು ಇನ್ನೊಂದು. ವೇದಿಕೆಯ ಕಥೆಯಲ್ಲಿ ಇವೆರಡರ ನಡುವೆ ಜಾಗವೇ ಇಲ್ಲ.

ಇನ್ನು ನನ್ನ ಮೇಲಿನವರು. ಪುಟ್ಟಸ್ವಾಮಿ ಸರ್ ಎಂದು ಕರೆಯುತ್ತಿದ್ದೆವು, ಆರೋಗ್ಯ ಇಲಾಖೆಯಲ್ಲಿ ಜೀವ ಸವೆಸಿ ನಮ್ಮಲ್ಲಿಗೆ ಬಂದಿದ್ದ ಹಿರಿಯರು. ಅವರ ಬಳಿ ಒಂದು ಪಟವಿತ್ತು, ಬಟ್ಟೆಯ ಮೇಲೆ ಬರೆಸಿದ್ದು, ಸುತ್ತಿ ಚೀಲದಲ್ಲಿ ಇಟ್ಟುಕೊಳ್ಳುವಂಥದ್ದು. ಅದರಲ್ಲಿ ಬಾಸಿಂಗ ಕಟ್ಟಿದ ಒಂದು ಜೋಡಿ. ಹುಡುಗಿಯ ತಲೆಯ ಮೇಲೆ "ಅಕ್ಕನ ಮಗಳು", ಗಂಡಿನ ಮೇಲೆ "ಸೋದರಮಾವ". ಇಬ್ಬರ ಮೇಲೂ ಅಡ್ಡಡ್ಡ ಕೆಂಪು ಗೀಟು. ಸಂಬಂಧದೊಳಗೆ ಮದುವೆ ಬೇಡ. ಯಾವ ಊರಿಗೆ ಹೋದರೂ, ಯಾವ ಕಾಯಿಲೆಯ ಮನೆಗೆ ಹೋದರೂ ಮೊದಲು ಆ ಪಟ ಗೋಡೆಗೆ ಏರುತ್ತಿತ್ತು.

ನಾನು ವಿರೋಧಿಸಿದೆ. ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದು ಸೇರಿದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿವೆ, ಅವಕ್ಕೆ ಪಟ ಸರಿ. ನಮ್ಮ ಪಟ್ಟಿಯ ಕುಟುಂಬಗಳಲ್ಲಿ ಹೆಚ್ಚಿನವು ಅಂಥವಲ್ಲ. ಅಪ್ಪನಿಗೋ ಅಮ್ಮನಿಗೋ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಮದುವೆ ಮಾವನ ಜೊತೆಗಾಗಲಿ ಮಂಗಳೂರಿನವನ ಜೊತೆಗಾಗಲಿ. ಇವರಿಗೆ ಈ ಪಟ ತೋರಿಸುವುದು ಬೇರೆ ಊರಿನ ಬಸ್ಸಿನ ಬೋರ್ಡು ತೋರಿಸಿದಂತೆ ಎಂದೆ.

ಅವರು ಸಿಟ್ಟಾಗುವವರಲ್ಲ. "ನೋಡಮ್ಮ, ಒಂದೇ ಮನೇಲಿ ಮೂರು ಮಕ್ಕಳು ಮಲಗಿದಲ್ಲೇ ಕರಗಿ ಹೋದದ್ದನ್ನ ನಾನು ನೋಡಿದೀನಿ, ಸೋದರಮಾವನ ಮದುವೇಲಿ. ಜನಕ್ಕೆ ಒಂದು ಮಾತು ಕೊಡಬೇಕು ಕಣಮ್ಮ. ನೂರು ಕೊಟ್ಟರೆ ಒಂದೂ ನಿಲ್ಲಲ್ಲ" ಎಂದರು. ಒಪ್ಪುತ್ತೇನೆ, ಆ ಮೂರು ಮಕ್ಕಳ ಎದುರು ನನ್ನ ತರ್ಕಕ್ಕೆ ತೂಕ ಕಡಿಮೆ. ಆದರೂ ಪ್ರತಿ ಸಭೆಯಲ್ಲೂ ಆಕ್ಷೇಪ ಎತ್ತಿದೆ, ಪ್ರತಿ ಸಭೆಯಲ್ಲೂ ಟೀ ಬಂದು ಸಭೆ ಮುಗಿಯಿತು.

ಈಗ ಬೆಳಕವಾಡಿಯ ಜಯಮ್ಮನ ವಿಷಯ. ಬೇರೆಲ್ಲವನ್ನೂ ಮರೆತರೂ ಇದನ್ನು ಮರೆಯಬೇಡಿ.

ಜಯಮ್ಮನ ಗಂಡ ಎತ್ತರದ ಆಳು. ಗದ್ದೆಯಲ್ಲಿ ನೀರು ಕಟ್ಟುತ್ತಿದ್ದಾಗ ಎದೆ ಸೀಳಿದಂತಾಯಿತು ಎಂದು ಕೂತರು. ನಮ್ಮ ಕಡೆ ಎದೆಯಲ್ಲಿ ಏನಾದರೂ ಅದು ಗ್ಯಾಸು. ಸೋಡಾ ಕುಡಿಸಿದರು, ಹತ್ತಿರದ ಒಬ್ಬರು ಸೂಜಿ ಹಾಕಿದರು, ಮಳವಳ್ಳಿ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಆಗ ಅದು ಏನೆಂದು ಯಾರಿಗೂ ಗೊತ್ತಾಗಲಿಲ್ಲ. ವರ್ಷಗಳ ಮೇಲೆ ಒಬ್ಬಳೇ ಮಗಳು ಚೈತ್ರಾಳ ಕಣ್ಣಿನ ಮಸೂರ ಜಾರಿದ್ದನ್ನು ಕಂಡ ಕಣ್ಣಿನ ವೈದ್ಯರು ಅನುಮಾನಪಟ್ಟು ಮೈಸೂರಿಗೆ ಕಳಿಸಿದಾಗ ತಿಳಿಯಿತು: ಅಪ್ಪನದೇ ಕಾಯಿಲೆ, ಮಗಳಿಗೂ ರಕ್ತನಾಳ ಅಗಲವಾಗುತ್ತಿದೆ. ದಿನಾ ಮಾತ್ರೆ, ವರ್ಷಕ್ಕೊಂದು ಎಕೋ. ಹೀಗೆ ಅವರು ನಮ್ಮ ಪಟ್ಟಿಗೆ ಬಂದರು, ಅವರ ಮನೆಯ ಗೋಡೆಗೂ ಆ ಪಟ ಏರಿತು.

ಎಕೋಗೆ ಕರೆದೊಯ್ಯುತ್ತಿದ್ದದ್ದು ಜಯಮ್ಮನ ತಮ್ಮ ಶಿವಣ್ಣ. ಬ್ಲಫ್‌ ಎಂಬ ಹತ್ತಿರದ ಊರಿನ ಪವರ್ ಸ್ಟೇಷನ್ನಿನಲ್ಲಿ ಕೆಲಸ, ಪಾಳಿ ಮುಗಿಸಿ ನೇರ ಬೈಕು ಹತ್ತಿ ಬರುತ್ತಿದ್ದ. ಮಾತ್ರೆಯ ಹೆಸರು ಜಯಮ್ಮನಿಗೆ ಬಾರದು, ಅವನಿಗೆ ಬಾಯಿಪಾಠ. ಅಕ್ಕನ ಮಗಳು ಅವನಿಗೇ ಎಂದು ಅವಳ ತೊಟ್ಟಿಲಲ್ಲೇ ಮಾತಾಗಿತ್ತು, ಅದಕ್ಕೆ ಚೈತ್ರಾಳ ವಿರೋಧವೂ ಇರಲಿಲ್ಲ.

ನಮ್ಮ ಯೋಜನೆಯ ಹಣ ನಿಂತು ಮಳವಳ್ಳಿ ಕಡೆಯ ಓಡಾಟ ಬಹಳ ತಿಂಗಳು ತಪ್ಪಿತ್ತು. ಮತ್ತೆ ಶುರುವಾದಾಗ ಬೆಳಕವಾಡಿಗೆ ಹೋದೆ. ಜಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ನಿಮ್ಮ ಮಾತು ಉಳಿಸಿವ್ನಿ ಕಣವ್ವ. ತಮ್ಮುಂಗೆ ಕೊಡ್ನಿಲ್ಲ. ಅವ್ನು ಮುನಿಸ್ಕೊಂಡು ಒಸ್ಲು ತುಳಿಯಾದೇ ಬುಟ್ಟವ್ನೆ, ಬುಡು, ಮಗಳ ಜೀವಕ್ಕಿಂತ ಎಚ್ಚಾ? ಬೇರೆ ರಕ್ತಕ್ಕೆ ಕೊಟ್ಟೋ. ಚಿಕ್ಕರಸಿನಕೆರೆಗೆ."

ಮಾತ್ರೆ ತೆಗೆದುಕೊಳ್ಳುತ್ತಿದ್ದಾಳಾ ಎಂದು ಕೇಳಿದೆ.

"ಇನ್ಯಾಕವ್ವ? ದೋಸ ಅಲ್ಲಿಗೆ ಕಡೀತಲ್ಲ." ಆಮೇಲೆ ದನಿ ಇಳಿಸಿ, ನಗುತ್ತಾ, "ಐದು ತಿಂಗ್ಳು ತುಂಬೈತೆ ಅವಳ್ಗೆ" ಎಂದರು.

ಆ ಸುಲಿದ ಅವರೆಯ ಮುಂದೆ ಕೂತು ನಾನು ಹೇಳಬೇಕಾಯಿತು. ಕಾಯಿಲೆ ಬಂದದ್ದು ನಿಮ್ಮ ಗಂಡನಿಂದ, ನಿಮ್ಮ ತಮ್ಮನಲ್ಲಿ ಅದು ಇಲ್ಲ. ಅವನಿಗೆ ಕೊಟ್ಟಿದ್ದರೂ ಮಗುವಿಗೆ ಇಷ್ಟೇ ಅಪಾಯ, ಹೊರಗೆ ಕೊಟ್ಟರೂ ಇಷ್ಟೇ. ಮಗಳ ಎದೆಯೊಳಗಿನದು ಯಾರನ್ನು ಮದುವೆಯಾದರೂ ಹೋಗುವುದಿಲ್ಲ. ಬಸಿರಿನಲ್ಲಿ ಆ ನಾಳದ ಮೇಲೆ ಒತ್ತಡ ಹೆಚ್ಚು, ಹೆರಿಗೆಯಲ್ಲಿ ಜೀವಕ್ಕೇ ಕುತ್ತು ಬರಬಹುದು. ಇದನ್ನು ಹಿಂದೆಯೂ ಅದೇ ಜಗಲಿಯಲ್ಲಿ, ಅಪ್ಪ ಮಗಳ ಚಿತ್ರ ಬರೆದು ಹೇಳಿದ್ದೆ ಎಂದು ನೆನಪಿಸಿದೆ.

ಜಯಮ್ಮನ ಕೈ ನಿಂತಿತು. "ನೀವು ಏಳಿದ್ದು ನೂರು ಕಣವ್ವ. ಆ ಪಟದಲ್ಲಿ ಇದ್ದದ್ದು ಒಂದೇ" ಎಂದರು.

ಪುಟ್ಟಸ್ವಾಮಿ ಸರ್ ಹೇಳಿದ್ದು ನಿಜವಾಗಿತ್ತು, ಒಂದು ಮಾತು ನಿಂತಿತ್ತು. ಆ ಒಂದು ಮಾತಿಗಾಗಿ ಈಕೆ ತಮ್ಮನನ್ನೇ ಕಳೆದುಕೊಂಡಿದ್ದರು. ಅಷ್ಟು ದೊಡ್ಡದನ್ನು ತೆತ್ತವರು, ಇನ್ನು ಅಪಾಯ ಮುಗಿಯಿತು ಎಂದು ನಂಬಿದ್ದರಲ್ಲಿ ನನಗೆ ಮೂಢನಂಬಿಕೆ ಕಾಣಲಿಲ್ಲ. ಮೂಢರಾಗಿದ್ದರೆ ನಮ್ಮ ಮಾತು ಕೇಳುತ್ತಲೇ ಇರಲಿಲ್ಲ.

ಗಂಡನ ಮನೆಗೆ ಏನೂ ಹೇಳಿರಲಿಲ್ಲ. ದೋಷ ಕಡಿದ ಮೇಲೆ ಹೇಳುವುದೇನು? ಈಗಲೂ ಹೇಳಬೇಡಿ ಎಂದು ಜಯಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಮಂಡ್ಯಕ್ಕೆ ಬಂದು ಪುಟ್ಟಸ್ವಾಮಿ ಸರ್ ಮುಂದೆ ಎಲ್ಲ ಹೇಳಿದೆ. ಅವರು ಪಟವನ್ನು ಚೀಲದಿಂದ ತೆಗೆದು ಬೀರುವಿನ ಮೇಲಕ್ಕೆ ಎಸೆದರು. ನಾನು ಗೆದ್ದೆ. ಇಷ್ಟು ರುಚಿಯಿಲ್ಲದ ಗೆಲುವನ್ನು ಹಿಂದೆ ಕಂಡಿರಲಿಲ್ಲ. ಆಮೇಲೆ ಅವರು ಒಂದೇ ನಿಯಮ ನೆನಪಿಸಿದರು: ಕಾಯಿಲೆಯ ವಿಷಯ ಚೈತ್ರಾಳದು, ಅವಳು ಒಪ್ಪದೆ ಗಂಡನಿಗಾಗಲಿ ಅತ್ತೆಗಾಗಲಿ ನಾವು ತುಟಿ ಬಿಚ್ಚುವಂತಿಲ್ಲ. ಈ ಒಂದಕ್ಕೆ ನಾನು ಎದುರಾಡಲಿಲ್ಲ.

ಚೈತ್ರಾಳ ಕಾಲೇಜಿನ ಅಕ್ಕ ಎಂದು ಹೇಳಿಕೊಂಡು ಚಿಕ್ಕರಸಿನಕೆರೆಗೆ ಹೋದೆ. ಅತ್ತೆ ನಿಂಗಮ್ಮ ಒಳ್ಳೆಯ ಮಾತುಗಾರ್ತಿ. "ಎತ್ರ ನೋಡಿದ್ರಾ ನಮ್ ಸೊಸೇನ? ಅಟ್ಟದ ಮೇಲಿನ ಡಬ್ಬ ಇಳ್ಸಕ್ಕೆ ಈ ಮನೇಲಿ ಸ್ಟೂಲೇ ಬ್ಯಾಡ ಈಗ" ಎಂದು ಹೆಮ್ಮೆಯಿಂದ ನಕ್ಕರು. ನಾನೂ ನಕ್ಕೆ.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚೈತ್ರಾ ಸಿಕ್ಕಳು. ನಾನು ಬಾಯಿ ತೆಗೆಯುವ ಮೊದಲೇ, "ಅಕ್ಕ, ನಂಗೆಲ್ಲ ಗೊತ್ತು" ಎಂದಳು. ಅಮ್ಮ ನಂಬಿದ್ದನ್ನು ಅವಳು ಒಂದು ದಿನವೂ ನಂಬಿರಲಿಲ್ಲ. ಫೋನಿನಲ್ಲಿ ಹುಡುಕಿ ನನಗಿಂತ ಹೆಚ್ಚೇ ಓದಿದ್ದಳು. ಮತ್ತೆ ಮಾತ್ರೆ ಯಾಕೆ ಬಿಟ್ಟೆ ಎಂದೆ.

"ಮಾತ್ರೆ ಎಲ್ಲಿಡ್ಲಿ ಏಳಿ. ಬೀರು ಕೀಲಿ ಅತ್ತೆ ಸೊಂಟದಲ್ಲೈತೆ. ಕಸದಲ್ಲಿ ಒಂದು ಕವರ್ ಕಂಡ್ರೂ ಏನು ಎತ್ತ ಅಂತಾರೆ."

ಮಾಹಿತಿ ಇಲ್ಲ ಎಂದು ಭಾಷಣ ಮಾಡುವವರನ್ನು ಆ ಕಲ್ಲಿನ ಮೇಲೆ ಒಂದು ಗಳಿಗೆ ಕೂರಿಸಬೇಕಿತ್ತು. ಎಲ್ಲ ಗೊತ್ತಿತ್ತು ಅವಳಿಗೆ. ಒಂದು ಪಟ್ಟಿ ಮಾತ್ರೆ ಇಟ್ಟುಕೊಳ್ಳಲು ಜಾಗವಿರಲಿಲ್ಲ.

"ಏಳಿದ್ರೆ ಗಂಡ ಓಯ್ತಾನೆ, ಏಳ್ದೆ ಇದ್ರೆ ನಾನು ಓಯ್ತೀನಿ" ಎಂದಳು. "ನೀವು ಡಿಬೇಟಲ್ಲಿ ಗೆದ್ದಿದ್ದೋರಲ್ವಾ ಅಕ್ಕ. ಯಾವ ಕಡೆ ಮಾತಾಡ್ತೀರಿ?"

ಒಂದು ಎಕೋ ಆದರೂ ಮಾಡಿಸು, ಮೊದಲು ನಿನಗೆ ಗೊತ್ತಾಗಲಿ, ಯಾರಿಗೆ ಹೇಳಬೇಕೆಂದು ಆಮೇಲೆ ನೋಡೋಣ ಎಂದಷ್ಟೇ ಹೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಅಮ್ಮನ ಮನೆಗೆ ಅಂತ ಬರುತ್ತೇನೆ, ಆದರೆ ಮೈಸೂರಿಗೆ ಶಿವಣ್ಣ ಮಾವನೇ ಕರೆದೊಯ್ಯಬೇಕು, ಅವನಿಗೆ ಎಲ್ಲಿ ಹೋಗಬೇಕು ಯಾರನ್ನು ಕೇಳಬೇಕು ಎಲ್ಲ ಗೊತ್ತು ಎಂದಳು.

ಬ್ಲಫ್‌ಗೆ ಹೋಗಿ ಶಿವಣ್ಣನನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವನು ಕ್ವಾರ್ಟರ್ಸಿನ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡ.

"ಅಂದ್ರೆ ನಾನು ಬ್ಯಾಡ, ನನ್ ಬೈಕು ಬೇಕು."

ಹೌದು ಎಂದೆ.

"ಬಸ್ರಿ ಎಂಗಸ್ನ ಬೈಕಲ್ಲಿ ಕೂರುಸ್ತಾರಾ? ಕಾರು ಮಾಡ್ಕೊಂಡು ಬತ್ತೀನಿ, ಓಗಿ" ಎಂದು ಬಾಗಿಲು ಹಾಕಿಕೊಂಡ. ಹೇಳಿದ ದಿನ ಬಂದ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಹಳೆಯ ಎಕೋ ವರದಿಗಳೆಲ್ಲ ಅವನ ಹತ್ತಿರವೇ ಇದ್ದವು.

ನಾಳ ಮೊದಲಿಗಿಂತ ಅಗಲವಾಗಿತ್ತು. ವೈದ್ಯರು ಗದರಲಿಲ್ಲ, ಅದಕ್ಕೇ ಭಯವಾಯಿತು. ಮಾತ್ರೆ ಇವತ್ತೇ ಶುರುವಾಗಬೇಕು, ಹೆರಿಗೆ ಊರಿನಲ್ಲಿ ಆಗಕೂಡದು, ಹೃದಯದ ಶಸ್ತ್ರಚಿಕಿತ್ಸೆ ಮಾಡುವವರು ಇರುವ ಕಡೆ ದಿನ ಗೊತ್ತುಮಾಡಿ ಆಪರೇಷನ್ ಮೂಲಕವೇ ಆಗಬೇಕು ಎಂದರು. ಚೈತ್ರಾ ಹೊರಗೆ ಬಂದು ಬೆಂಚಿನ ಮೇಲೆ ಕೂತು ಗಂಡನಿಗೆ ತಾನೇ ಫೋನು ಮಾಡಿದಳು. ನಾನು ದೂರ ನಿಂತೆ. ಅಳಲಿಲ್ಲ ಅವಳು, ಪಾಠ ಒಪ್ಪಿಸಿದಂತೆ ಹೇಳಿ ಮುಗಿಸಿದಳು.

ಗಂಡ ಮಹೇಶ ಮದ್ದೂರಿನ ಒಂದು ರೈಸ್‌ಮಿಲ್ಲಿನಲ್ಲಿ ಗುಮಾಸ್ತ. ಅವನು ಕೂಗಾಡಲಿಲ್ಲ. ಅವನ ಪಾಲಿನದನ್ನೂ ನಿಂಗಮ್ಮ ಕೂಗಾಡಿದರು. ಮೋಸ ಮಾಡಿ ಕೊಟ್ಟರು ಎಂದು ಚೈತ್ರಾಳ ಬಟ್ಟೆಬರೆಯನ್ನೆಲ್ಲ ಆಟೋದಲ್ಲಿ ಬೆಳಕವಾಡಿಗೆ ಕಳಿಸಿದರು. ಆ ಮಾತನ್ನು ಅಲ್ಲಗಳೆಯಲು ನನ್ನ ಹತ್ತಿರ ಪಾಯಿಂಟು ಇರಲಿಲ್ಲ. ಜಯಮ್ಮನಿಗೆ ಮೋಸದ ಉದ್ದೇಶವಿರಲಿಲ್ಲ ಎನ್ನಬಹುದು, ಆದರೆ ನಿಂಗಮ್ಮನ ಮನೆಯಲ್ಲಿ ಅದನ್ನು ಯಾರು ಕೇಳುತ್ತಾರೆ?

ಉಳಿದ ತಿಂಗಳುಗಳನ್ನು ಚೈತ್ರಾ ತಾಯಿಯ ಮನೆಯಲ್ಲಿ ಕಳೆದಳು. ಮಾತ್ರೆಯ ಪಟ್ಟಿ ಈಗ ದೇವರ ಗೂಡಿನಲ್ಲಿ, ಎಲ್ಲರಿಗೂ ಕಾಣುವಂತೆ. ಗೊತ್ತುಮಾಡಿದ ದಿನ ಮೈಸೂರಿನಲ್ಲಿ ಹೆರಿಗೆಯಾಯಿತು, ಗಂಡುಮಗು. ತಾಯಿಯೂ ಉಳಿದಳು. ವೇದಿಕೆಯವರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ, ನಿಜಕ್ಕೂ ಒಮ್ಮೆ ನಿಲ್ಲಿಸಿದರು ಕೂಡ. ನಾನು ಸಭಿಕರ ಸಾಲಿನಲ್ಲಿದ್ದೆ.

ಹೆರಿಗೆಯಾದ ಮೇಲೆ ನಾಳ ಇನ್ನಷ್ಟು ಅಗಲವಾಗಿತ್ತು. ಈಗಲೇ ಆಪರೇಷನ್ ಮಾಡಿ ಆ ಭಾಗವನ್ನು ಬದಲಿಸಬೇಕು, ಕಾಯುವ ಹಾಗಿಲ್ಲ ಎಂದರು. ಎದೆ ತೆರೆಯುವ ದೊಡ್ಡ ಆಪರೇಷನ್. ಒಪ್ಪಿಗೆಗೆ ಅವಳ ಸಹಿ ಸಾಕು, ಹಾಕಿಯೂ ಇದ್ದಳು. ಆದರೆ ಗಂಡ ಬರಲಿ ಎಂದು ಹಟ ಹಿಡಿದಳು. ಆಮೇಲೆ ತನ್ನನ್ನು ಯಾವ ಮನೆಗೆ ಕರೆದೊಯ್ಯುತ್ತಾರೆ ಎಂದು ತಿಳಿಯದೆ ಒಳಗೆ ಹೋಗುವುದಿಲ್ಲವಂತೆ.

ಮಹೇಶ ಬಂದ. ವಾರ್ಡಿನ ಹೊರಗೆ ನನ್ನ ಪಕ್ಕ ಕೂತ. ಒಳಗೆ ಇನ್ನೂ ಹೋಗಿರಲಿಲ್ಲ, ಕೈಯಲ್ಲಿ ಮಗುವಿಗೆ ತಂದಿದ್ದ ಟೋಪಿ. ಜಯಮ್ಮ ಅವನನ್ನು ಕಂಡು ಗೋಡೆಯ ಕಡೆ ತಿರುಗಿ ಕೂತರು. ಅವನು ಕೆಟ್ಟವನಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕಣ್ಣು ಊದಿಕೊಂಡಿದ್ದವು. ಮಗುವಿಗೂ ಇದೆಯಾ ಎಂದು ಕೇಳಿದ. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಇದ್ದರೂ ಈಗಿನಿಂದ ನೋಡಿಕೊಂಡರೆ ಬದುಕು ದೊಡ್ಡದೇ ಎಂದೆ. ಆಮೇಲೆ ಅವನು, ಬಹುಶಃ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಆಡಿದ.

"ಊರಿಗೆಲ್ಲ ತಿಳುವಳ್ಕೆ ಕೊಡ್ತೀರಲ್ಲ ಮೇಡಂ, ನಂಗೊಬ್ಬಂಗೆ ಕೊಡ್ನಿಲ್ಲ. ಮೊದ್ಲೇ ಏಳಿದ್ರೆ ಒಂದಿನ ಮಾತ್ರೆ ತಪ್ಪುಸ್ತಿದ್ನಾ ನಾನು? ಕಣ್ಣಲ್ಲಿಟ್ಟು ನೋಡ್ಕೊತಿದ್ದೆ."

ಆ ಗಳಿಗೆಯಲ್ಲಿ ಅವನು ಅದನ್ನು ನಂಬಿಯೇ ಹೇಳುತ್ತಿದ್ದ. ಒಳಗೆ ಚೈತ್ರಾ ಬಾಗಿಲಿನ ಗಾಜಿನ ಕಡೆಗೇ ನೋಡುತ್ತಿದ್ದಳು. ಗೆಲ್ಲುವುದಕ್ಕಲ್ಲ, ನನಗೆ ನಿಜಕ್ಕೂ ಗೊತ್ತಿಲ್ಲದೆ ಕೇಳಿದೆ.

"ಮಹೇಶ, ನೀವು ಹೆಣ್ಣು ನೋಡೋಕೆ ಬಂದ ದಿನವೇ ಇದನ್ನೆಲ್ಲ ಹೇಳಿದ್ದಿದ್ರೆ, ಅವಳನ್ನ ಮದುವೆ ಆಗ್ತಿದ್ರಾ?"